ಪೊಟೊಸಿಯ ಗಣಿ ಟೂರ್: 5ಕ್ಕೆ 3, ಅದೂ ಊರೊಳಗೆ ಒಂದು ಸುತ್ತು ಹಾಕಿದರೆ ಮಾತ್ರ

ನೇರವಾಗಿ ಹೇಳಿಬಿಡುತ್ತೇನೆ. ಬೊಲಿವಿಯಾದ ಪೊಟೊಸಿಗೆ ಹೋದವರೆಲ್ಲ ಮಾಡುವ ಗಣಿ ಟೂರ್ ಇದೆಯಲ್ಲ, ಸೆರ್ರೊ ರಿಕೊ ಅನ್ನುವ ಆ ಕೆಂಪು ಬೆಟ್ಟದ ಹೊಟ್ಟೆಯೊಳಗೆ ಅರ್ಧ ದಿನ ಓಡಾಡಿಸಿ ಹೊರಗೆ ತಂದು ಬಿಡುವುದು, ಅದಕ್ಕೆ ನನ್ನ ಲೆಕ್ಕದಲ್ಲಿ 5ಕ್ಕೆ 3. ದುಡ್ಡು ದಂಡ ಅಂತ ಹೇಳುತ್ತಿಲ್ಲ. ಮೈ ನಡುಗಿಸುವ ಅನುಭವ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರುವಾಗ 'ಸ್ಪ್ಯಾನಿಷರ ಕಾಲದ ಗಣಿ, ವಸಾಹತು ಇತಿಹಾಸ' ಅಂತ ಮಾರುತ್ತಾರೆ, ಒಳಗೆ ಹೋದ ಮೇಲೆ ಇತಿಹಾಸ ಸಿಗುವುದು ಚಿಟಿಕೆಯಷ್ಟು. ಉಳಿದದ್ದೆಲ್ಲ ದೆವ್ವ, ಡೈನಮೈಟ್, ಸೆಲ್ಫಿ. ಆ ಬೆಟ್ಟಕ್ಕೆ ಜನರನ್ನು ಯಾರು ಕಳಿಸಿದರು, ಯಾವ ಲೆಕ್ಕದಲ್ಲಿ ಕಳಿಸಿದರು, ಅವರು ಬಿಟ್ಟು ಬಂದ ಹೊಲ ಏನಾಯಿತು, ಇದೆಲ್ಲ ಬೇಕಾದರೆ ಬೆಟ್ಟ ಇಳಿದು ಊರೊಳಗೆ ತಿರುಗಬೇಕು. ಅದಕ್ಕೇ ಈ ವಿಮರ್ಶೆ ಸ್ವಲ್ಪ ಉದ್ದ.

ಏಜೆನ್ಸಿ ಹೆಸರು ಹೇಳುವುದಿಲ್ಲ. ಊರಿನ ನಡುವೆ ಇಂಥವು ಬೇಕಾದಷ್ಟಿವೆ, ಎಲ್ಲರ ಬೋರ್ಡಿನಲ್ಲೂ ಅದೇ ಹೆಲ್ಮೆಟ್ ಹಾಕಿದ ನಗುಮುಖ. ವ್ಯವಸ್ಥೆಯೂ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ವ್ಯಾನ್ ಬರುತ್ತದೆ, ಒಂದು ಕೋಣೆಯಲ್ಲಿ ಜಾಕೆಟ್, ಪ್ಯಾಂಟು, ರಬ್ಬರ್ ಬೂಟು, ದೀಪ ಇರುವ ಹೆಲ್ಮೆಟ್ ಕೊಡುತ್ತಾರೆ. ಅಲ್ಲಿಂದ ಗಣಿ ಕಾರ್ಮಿಕರ ಮಾರುಕಟ್ಟೆ, ಆಮೇಲೆ ಅದಿರು ಅರೆಯುವ ಒಂದು ಕಾರ್ಖಾನೆ, ಕೊನೆಗೆ ಗಣಿ. ಟೈಮಿಗೆ ಸರಿಯಾಗಿ ಬಂದರು, ಸಾಮಾನು ಚೆನ್ನಾಗಿತ್ತು, ದೀಪ ಕೈ ಕೊಡಲಿಲ್ಲ. ಸರ್ವಿಸ್ ಅಂತ ನೋಡಿದರೆ ದೂರುವಂಥದ್ದು ಏನೂ ಇಲ್ಲ. ನನ್ನ ತಕರಾರು ಬೇರೆ ಕಡೆ ಇದೆ.

ಮೊದಲು ಮೈ ವಿಷಯ. ಊರೇ 4,000 ಮೀಟರಿಗಿಂತ ಮೇಲಿದೆ. ಬೆಟ್ಟದ ತುದಿ ಸುಮಾರು 4,800 ಮೀಟರ್. ಮೆಟ್ಟಿಲು ಹತ್ತಿದರೆ ಸಾಕು, ಎದೆ ಡವಡವ ಅನ್ನುತ್ತದೆ. ಬಂದ ದಿನವೇ ಗಣಿಗೆ ಇಳಿಯುವ ಹುಚ್ಚು ಬೇಡ. ಒಂದೆರಡು ದಿನ ಊರಲ್ಲಿ ನಿಧಾನವಾಗಿ ನಡೆದಾಡಿ, ನಿದ್ದೆ ಸರಿಯಾಗಲಿ, ತಲೆನೋವು ಹೋಗಲಿ. ಅಸ್ತಮಾ ಇರುವವರು, ಹೃದಯದ ತೊಂದರೆ ಇರುವವರು, ಇಕ್ಕಟ್ಟು ಕಂಡರೆ ಗಾಬರಿಯಾಗುವವರು ಹೋಗಲೇಬೇಡಿ. ಒಳಗೆ ದೂಳು ಇದೆ, ಡೈನಮೈಟ್ ಹೊಗೆಯ ವಾಸನೆ ಇದೆ, ಕೆಲವು ಕಡೆ ಮಂಡಿಯೂರಿ ತೆವಳಬೇಕು. ಮಾಸ್ಕ್ ನೀವೇ ತಂದುಕೊಂಡರೆ ಒಳ್ಳೆಯದು.

ಮಾರುಕಟ್ಟೆ ನನಗೆ ಇಷ್ಟವಾಯಿತು. ಗಣಿಯವರಿಗೆ ಉಡುಗೊರೆ ಕೊಳ್ಳಿ ಅಂತ ಅಲ್ಲಿ ನಿಲ್ಲಿಸುತ್ತಾರೆ. ಹಸಿರು ಚೀಲದಲ್ಲಿ ಕೋಕಾ ಎಲೆ, ಅದರ ಜೊತೆ ಅಗಿಯಲು ಬೂದಿಯ ಉಂಡೆ, ದೊಡ್ಡ ಬಾಟಲಿ ತಂಪು ಪಾನೀಯ, ಸಿಗರೇಟು, ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಶೇಕಡಾ 96 ಆಲ್ಕೊಹಾಲ್ ಇರುವ ಸ್ಪಿರಿಟ್. ಹೌದು, ಕುಡಿಯುವುದಕ್ಕೇ. ಮೂಗಿನ ಹತ್ತಿರ ಹಿಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಡೈನಮೈಟ್ ಕೂಡ ಈ ಮಾರುಕಟ್ಟೆಯ ಹಳೆಯ ಸಾಮಾನು, ಪ್ರವಾಸಿಗರು ಅದನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಇಲ್ಲಿನ ಒಂದು ಶಾಸ್ತ್ರ. ನಾನು ಕೋಕಾ, ಜ್ಯೂಸ್, ಒಂದೆರಡು ಜೊತೆ ಕೈಗವಸು ತೆಗೆದುಕೊಂಡೆ. ಕೈಗವಸು ಕೊಟ್ಟಾಗ ಅವರ ಮುಖ ಅರಳಿದ್ದು ಬೇರೆ ಯಾವುದಕ್ಕೂ ಅರಳಲಿಲ್ಲ. ನೀವೂ ಅದನ್ನೇ ಕೊಳ್ಳಿ.

ಗಣಿಯ ಬಾಯಲ್ಲಿ ಕಲ್ಲಿನ ಮೇಲೆ ಕಪ್ಪಗೆ ಒಣಗಿದ ಕಲೆಗಳಿರುತ್ತವೆ. ಲಾಮಾ ಬಲಿ ಕೊಟ್ಟು ರಕ್ತ ಎರಚಿದ್ದು. ಒಳಗೆ ಮೊದಲ ಸ್ವಲ್ಪ ದೂರ ಚಳಿ, ಪಾದ ಮುಳುಗುವಷ್ಟು ಕೆಸರು ನೀರು, ಕಾಲಡಿ ಕಂಬಿ. ಒಳಕ್ಕೆ ಹೋದಂತೆ ಸೆಕೆ ಏರುತ್ತದೆ, ಜಾಕೆಟ್ ಬಿಚ್ಚಿ ಎಸೆಯಬೇಕು ಅನಿಸುತ್ತದೆ. ಛಾವಣಿಗೆ ಕೊಟ್ಟ ಮರದ ದಿಮ್ಮಿಗಳಲ್ಲಿ ಕೆಲವು ಆಗಲೇ ನಡುವೆ ಮುರಿದಿವೆ. ಗೋಡೆಯ ಮೇಲೆ ಹಳದಿ, ಬಿಳಿ ಹರಳು ಬೆಳೆದಿರುತ್ತವೆ, ಮುಟ್ಟಬೇಡಿ ಅಂತ ಗೈಡ್ ಕೂಗುತ್ತಾನೆ, ಯಾಕಂದರೆ ಅದರಲ್ಲಿ ಆರ್ಸೆನಿಕ್ ಇದೆ. ಇದ್ದಕ್ಕಿದ್ದಂತೆ ದೂರದಿಂದ ಗಡಗಡ ಸದ್ದು. ಎಲ್ಲರೂ ಗೋಡೆಗೆ ಅಂಟಿಕೊಳ್ಳಬೇಕು. ಅದಿರು ತುಂಬಿದ ತಳ್ಳುಬಂಡಿ ಹೊಟ್ಟೆ ಸವರಿಕೊಂಡು ಹೋಗುತ್ತದೆ, ಹಿಂದೆ ಇಬ್ಬರು ಬಗ್ಗಿ ತಳ್ಳುತ್ತಾ ಓಡುತ್ತಿರುತ್ತಾರೆ, ಒಬ್ಬನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಕೆನ್ನೆಯಲ್ಲಿ ಕೋಕಾ ಉಂಡೆ. ನಮ್ಮ ಕಡೆ ನೋಡಲೂ ಇಲ್ಲ. ಈ ಕೆಲವು ಕ್ಷಣಕ್ಕೇ ನಾನು 3 ಕೊಟ್ಟಿರುವುದು.

ಆಮೇಲೆ ಎಲ್ ತಿಯೊ. ಕೊಂಬು, ಗಾಜಿನ ಕಣ್ಣು, ಬಾಯಲ್ಲಿ ಸಿಗರೇಟು ಇರುವ ಮಣ್ಣಿನ ಮೂರ್ತಿ, ಗಣಿಯೊಳಗಿನ ಒಡೆಯ. ಮೇಲೆ ಚರ್ಚಿನ ದೇವರು, ಕೆಳಗೆ ಇವನು. ಗೈಡ್ ಅವನಿಗೆ ಸ್ಪಿರಿಟ್ ಎರೆದು, ಕೋಕಾ ಉದುರಿಸಿ, ನಮ್ಮನ್ನು ಸುತ್ತ ಕೂರಿಸಿದ. ಇನ್ನು ಇತಿಹಾಸ ಹೇಳುತ್ತಾನೆ ಅಂತ ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. ಅವನು ಹೇಳಿದ್ದು ಇಷ್ಟು: ಸ್ಪ್ಯಾನಿಷರು ಬಂದರು, ಇಂಡಿಯನ್ನರನ್ನು (ಅಂದರೆ ಇಲ್ಲಿನ ಮೂಲನಿವಾಸಿಗಳನ್ನು) ಗುಲಾಮರನ್ನಾಗಿ ಮಾಡಿದರು, ಈ ಬೆಟ್ಟದೊಳಗೆ 80 ಲಕ್ಷ ಜನ ಸತ್ತರು, ಈಗ ಫೋಟೊ ತೆಗೆದುಕೊಳ್ಳಿ.

ಈ 80 ಲಕ್ಷದ ಮಾತು ಪೊಟೊಸಿಯಲ್ಲಿ ಎಲ್ಲ ಕಡೆ ಕೇಳಿಸುತ್ತದೆ. ಅದಕ್ಕೆ ಆಧಾರವಾಗುವ ದಾಖಲೆ ಇಲ್ಲ. 1600ರ ದಶಕದ ಆರಂಭದಲ್ಲಿ ಊರು ತುಂಬಿ ತುಳುಕುತ್ತಿದ್ದಾಗಲೇ ಜನಸಂಖ್ಯೆ ಹೇಳುವುದು ಸುಮಾರು 1,60,000 ಅಂತ. ಆಂಡೀಸ್ ಪ್ರದೇಶದಲ್ಲಿ ಜನ ಲಕ್ಷಗಟ್ಟಲೆ ಸತ್ತದ್ದು ನಿಜ, ಅದರಲ್ಲಿ ದೊಡ್ಡ ಪಾಲು ಸಿಡುಬು, ದಡಾರದಂಥ ರೋಗಗಳದ್ದು. ಗಣಿಯಲ್ಲಿ ಕುಸಿತಕ್ಕೆ, ದೂಳಿಗೆ, ಪಾದರಸಕ್ಕೆ ಸತ್ತವರೂ ಕಡಿಮೆ ಇಲ್ಲ. ಆದರೆ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಒಂದು ದೊಡ್ಡ ಅಂಕಿ ಎಸೆದುಬಿಟ್ಟರೆ ಕೇಳುವವನು 'ಅಯ್ಯೋ' ಅಂದು ಮುಂದೆ ಹೋಗುತ್ತಾನೆ. ಯಾರು, ಹೇಗೆ, ಯಾವ ಕಾನೂನಿನ ಕೆಳಗೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅಲ್ವಾ? ನಿಜವಾಗಿ ನಡೆದದ್ದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಸತ್ತವರ ಅಂಕಿ ಅಲ್ಲವೇ ಅಲ್ಲ, ಆ ವ್ಯವಸ್ಥೆಯ ಅಚ್ಚುಕಟ್ಟು.

ಗೈಡ್ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಬೆಟ್ಟದಲ್ಲಿ ಬೆಳ್ಳಿ ಇದೆ ಅಂತ ಸ್ಪ್ಯಾನಿಷರಿಗೆ ತಿಳಿದದ್ದು 1545ರಲ್ಲಿ. ಮೇಲ್ಪದರದ ಒಳ್ಳೆಯ ಅದಿರು ಕೆಲವೇ ವರ್ಷಗಳಲ್ಲಿ ಮುಗಿಯುತ್ತಾ ಬಂತು. ಆಗ ಬಂದವನು ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ. 1570ರ ದಶಕದಲ್ಲಿ ಅವನು ಎರಡು ಕೆಲಸ ಒಟ್ಟಿಗೆ ಮಾಡಿದ. ಒಂದು, ಪಾದರಸ ಬೆರೆಸಿ ಕಳಪೆ ಅದಿರಿನಿಂದಲೂ ಬೆಳ್ಳಿ ತೆಗೆಯುವ ವಿಧಾನ ತರಿಸಿದ. ಪಾದರಸ ಪೆರುವಿನ ವಾಂಕಾವೆಲಿಕಾ ಗಣಿಯಿಂದ ಬರುತ್ತಿತ್ತು, ಅಲ್ಲಿನ ಕೂಲಿಗಳ ಕಥೆ ಇದಕ್ಕಿಂತ ಘೋರ. ಇನ್ನೊಂದು, ಮಿತಾ. ಇಂಕಾ ಅರಸರ ಕಾಲದಲ್ಲೂ ಸರದಿ ಪ್ರಕಾರ ರಾಜ್ಯಕ್ಕೆ ದುಡಿಯುವ ಪದ್ಧತಿ ಇತ್ತು, ಆದರೆ ಆಗ ದುಡಿಯುವವನಿಗೆ ಊಟ, ಮೆಕ್ಕೆಜೋಳದ ಮದ್ಯ ರಾಜ್ಯದ ಕಡೆಯಿಂದ. ತೊಲೆದೊ ಅದೇ ಹೆಸರಿಟ್ಟುಕೊಂಡು ಒಳಗಿನ ಹೂರಣ ಬದಲಾಯಿಸಿದ. ಪೆರುವಿನ ಕುಸ್ಕೊದ ದಕ್ಷಿಣದಿಂದ ಇಂದಿನ ಬೊಲಿವಿಯಾದ ದಕ್ಷಿಣದವರೆಗೆ ಎತ್ತರದ ಪ್ರದೇಶದ 16 ಪ್ರಾಂತಗಳಿಗೆ ಕೋಟಾ ಬಿತ್ತು. 18ರಿಂದ 50 ವಯಸ್ಸಿನ ಗಂಡಸರಲ್ಲಿ ಏಳನೇ ಒಂದು ಪಾಲು, ಒಟ್ಟು ಸುಮಾರು 13,500 ಜನ, ಪ್ರತಿ ವರ್ಷ ಪೊಟೊಸಿಗೆ ಬರಬೇಕು. ಅವರಲ್ಲಿ ಮೂರನೇ ಒಂದು ಪಾಲು, ಅಂದರೆ ಸುಮಾರು 4,500 ಜನ, ಒಂದು ಸಮಯಕ್ಕೆ ಗಣಿಯಲ್ಲಿ. ಒಂದು ವಾರ ದುಡಿತ, ಎರಡು ವಾರ ವಿರಾಮ. ಕಾಗದದ ಮೇಲೆ ಎಷ್ಟು ನ್ಯಾಯವಾಗಿ ಕಾಣುತ್ತದೆ ನೋಡಿ.

ಕೂಲಿಯೂ ಇತ್ತು. ಇದನ್ನು ಟೂರಿನಲ್ಲಿ ಯಾರೂ ಹೇಳುವುದಿಲ್ಲ, ಯಾಕಂದರೆ 'ಗುಲಾಮರು' ಅನ್ನುವ ಕಥೆಗೆ ಇದು ಅಡ್ಡ ಬರುತ್ತದೆ. ಗಣಿಯೊಳಗೆ ದುಡಿದವನಿಗೆ ದಿನಕ್ಕೆ 3.5 ರಿಯಾಲ್, ಅದಿರನ್ನು ಕೆಳಗೆ ಸಾಗಿಸುವವನಿಗೆ 3, ಇಂಜೆನಿಯೊದಲ್ಲಿ, ಅಂದರೆ ಅದಿರು ಅರೆಯುವ ಗಿರಣಿಯಲ್ಲಿ, ಇರುವವನಿಗೆ 2.75. ಒಂದು ಪೆಸೊಗೆ 8 ರಿಯಾಲ್. ಅಂದರೆ ಐದು ದಿನ ಬೆಟ್ಟದೊಳಗೆ ಬೆವರು ಸುರಿಸಿದರೆ ಎರಡು ಪೆಸೊ ಮತ್ತು ಚಿಲ್ಲರೆ. ಅದರಲ್ಲೇ ತಾನು ಉರಿಸುವ ಮೇಣದ ಬತ್ತಿ ಕೊಳ್ಳಬೇಕು, ಊಟ, ಕೋಕಾ, ಸರ್ಕಾರಕ್ಕೆ ಕಟ್ಟುವ ಕಪ್ಪ ಎಲ್ಲ ಅದರಲ್ಲೇ. ದಾರಿ ಖರ್ಚು ಕೊಡಬೇಕು ಅಂತ ನಿಯಮ ಇತ್ತು, ಸಿಕ್ಕಿದ್ದು ಅಪರೂಪ. ಆದ್ದರಿಂದ ವಿರಾಮದ ಎರಡು ವಾರದಲ್ಲಿ ಅದೇ ಮನುಷ್ಯ ಅದೇ ಬೆಟ್ಟಕ್ಕೆ ಸ್ವಂತ ಇಚ್ಛೆಯ ಕೂಲಿಯಾಗಿ ಹೋಗುತ್ತಿದ್ದ. ಇವರನ್ನು ಮಿಂಗಾ ಅನ್ನುತ್ತಿದ್ದರು, ಇವರಿಗೆ ಎರಡು ಪಟ್ಟಿಗಿಂತ ಜಾಸ್ತಿ ಕೂಲಿ. ಹೀಗಾಗಿ ಬಲವಂತದ ದುಡಿಮೆ ಮತ್ತು ಮಾರುಕಟ್ಟೆ ಕೂಲಿ ಒಂದೇ ಮೈಯಲ್ಲಿ, ವಾರ ಬದಲಾದಂತೆ. ಗಣಿ ಮಾಲೀಕನಿಗೆ ಇದಕ್ಕಿಂತ ಲಾಭ ಇನ್ನೇನು ಬೇಕು?

ಸೋಮವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಎಲ್ಲರನ್ನೂ ಸೇರಿಸಿ ತಲೆ ಎಣಿಸುತ್ತಿದ್ದರು. ಪ್ರತಿ ಪ್ರಾಂತದ ಕುರಾಕಾ, ಅಂದರೆ ಆ ಜನರದ್ದೇ ನಾಯಕ, ತನ್ನ ಪಾಲಿನ ಆಳುಗಳನ್ನು ಒಪ್ಪಿಸಬೇಕು. ಕಡಿಮೆಯಾದರೆ ಅವನೇ ದುಡ್ಡು ಕಟ್ಟಿ ಬದಲಿ ಆಳು ತರಬೇಕು, ಇಲ್ಲದಿದ್ದರೆ ಜೈಲು. ಕಾಲ ಕಳೆದಂತೆ ಕೆಲವು ಮಾಲೀಕರು ಬುದ್ಧಿವಂತರಾದರು. ಗಣಿಯಲ್ಲಿ ಅದಿರೇ ಇಲ್ಲ, ಆದರೂ ಕೋಟಾ ಬಿಡುವುದಿಲ್ಲ, ಆಳು ಬೇಡ ದುಡ್ಡೇ ಕೊಡಿ ಅಂದರು. ಹೀಗೆ ಆಳಿನ ಬದಲು ಮಾಲೀಕನ ಕಿಸೆಗೆ ಹಣವಾಗಿ ಬೀಳುವವರಿಗೆ 'ಕಿಸೆಯ ಇಂಡಿಯನ್ನರು' ಅನ್ನುವ ಹೆಸರೇ ಹುಟ್ಟಿತು. ಸುಮ್ನೆ ಕೂತು ತಿನ್ನುವುದಕ್ಕೂ ಕಾನೂನಿನ ಬೆಂಬಲ.

1590ರಲ್ಲಿ ಅಚ್ಚಾದ ಒಬ್ಬ ಜೆಸ್ಯೂಟ್ ಪಾದ್ರಿಯ ವಿವರಣೆ ಓದಿಕೊಂಡು ಗಣಿಗೆ ಇಳಿದರೆ ಟೂರಿನ ಬೆಲೆ ತಾನಾಗಿ ಏರುತ್ತದೆ. ಚರ್ಮ ಹೊಸೆದು ಮಾಡಿದ ಏಣಿ, ಅಡ್ಡಕ್ಕೆ ಮರದ ಮೆಟ್ಟಿಲು. ಮೂರು ಮೂರು ಜನ ಒಟ್ಟಿಗೆ ಹತ್ತುತ್ತಾರೆ. ಅದಿರನ್ನು ಬಟ್ಟೆಯಲ್ಲಿ ಕಟ್ಟಿ ಎದೆಗೆ ಬಿಗಿದು ಬೆನ್ನ ಮೇಲೆ ಹೊತ್ತಿರುತ್ತಾರೆ, ಒಬ್ಬೊಬ್ಬನಿಗೆ ಎರಡು ಅರೋಬಾ, ಇಂದಿನ ಲೆಕ್ಕದಲ್ಲಿ ಸುಮಾರು 23 ಕಿಲೊ. ಮುಂದಿನವನ ಹೆಬ್ಬೆರಳಿಗೆ ಮೇಣದ ಬತ್ತಿ ಕಟ್ಟಿದೆ, ಯಾಕಂದರೆ ಎರಡೂ ಕೈ ಏಣಿಗೆ ಬೇಕು. ನಮ್ಮ ಟೂರಿನಲ್ಲೂ ಒಂದು ಕಡೆ ಏಣಿ ಇತ್ತು, ಕಬ್ಬಿಣದ್ದು, ಚಿಕ್ಕದು. ಬೆನ್ನ ಮೇಲೆ ನೀರಿನ ಬಾಟಲಿ ಬಿಟ್ಟರೆ ಏನೂ ಇಲ್ಲದ ನಾನು ಮೇಲೆ ಬಂದು ಉಸಿರಿಗೆ ಒದ್ದಾಡಿದೆ. ಗೈಡ್ ಆ ಏಣಿಯ ಹತ್ತಿರ ನಿಂತು ಈ ಹೆಬ್ಬೆರಳಿನ ಮಾತು ಒಂದು ಹೇಳಿದ್ದರೆ ಸಾಕಿತ್ತು, ನಾನು 4 ಕೊಡುತ್ತಿದ್ದೆ.

ಇನ್ನು ಹೊಲದ ವಿಷಯ. ಇದು ಗಣಿಯಲ್ಲಿ ಕಾಣುವುದೇ ಇಲ್ಲ, ಆದರೆ ಬೆಳ್ಳಿಗಿಂತ ದೊಡ್ಡ ಕಥೆ ಇದೇ ಅಂತ ನನ್ನ ಅನಿಸಿಕೆ. ಟಿಟಿಕಾಕಾ ಸರೋವರದ ಬದಿಯ ಚುಕುಯಿತೊ ಪ್ರಾಂತದಿಂದ ಸರದಿ ಹೊರಡುವುದನ್ನು ಕಣ್ಣಾರೆ ನೋಡಿದ ಇನ್ನೊಬ್ಬ ಪಾದ್ರಿ 1600ರ ಸುಮಾರಿಗೆ ಬರೆದಿಟ್ಟಿದ್ದಾನೆ. ಹೊರಡಬೇಕಾದ ಗಂಡಸರು 2,200. ಆದರೆ ಹೆಂಡತಿ ಮಕ್ಕಳು ಸೇರಿ 7,000 ಜೀವ, ಜೊತೆಗೆ 30,000ಕ್ಕೂ ಮೀರಿದ ಲಾಮಾ, ಅಲ್ಪಾಕಾ. ಪೊಟೊಸಿ ತಲುಪಲು ಎರಡು ತಿಂಗಳು. ಇಷ್ಟು ಜನ ಎದ್ದು ಹೋದ ಮೇಲೆ ಊರಲ್ಲಿ ಆಲೂಗಡ್ಡೆ ಬಿತ್ತುವವರು ಯಾರು? ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಕೆಲವರು ಸತ್ತರು, ತುಂಬಾ ಜನ ದಾರಿಯಲ್ಲೇ ತಪ್ಪಿಸಿಕೊಂಡು ಬೇರೆ ಊರು ಸೇರಿದರು. ಸ್ವಂತ ಸಮುದಾಯ ಬಿಟ್ಟವನಿಗೆ ಮಿತಾ ಅನ್ವಯಿಸುತ್ತಿರಲಿಲ್ಲ, ಆದರೆ ಹೊಲದ ಹಕ್ಕೂ ಇರುತ್ತಿರಲಿಲ್ಲ. ಅಂಥವರು ಸ್ಪ್ಯಾನಿಷರ ಅಸಿಯೆಂದಾಗಳಲ್ಲಿ, ಅಂದರೆ ದೊಡ್ಡ ಜಮೀನ್ದಾರಿ ಎಸ್ಟೇಟುಗಳಲ್ಲಿ, ಒಂದು ತುಂಡು ನೆಲಕ್ಕಾಗಿ ಬಿಟ್ಟಿ ಚಾಕರಿಗೆ ನಿಂತರು.

ಊರಲ್ಲಿ ಉಳಿದವರ ಮೇಲೆ ಹೊರೆ ಇನ್ನೂ ಜಾಸ್ತಿಯಾಯಿತು. ಜನ ಕಡಿಮೆಯಾದರೂ ಕೋಟಾ ಅಷ್ಟು ಬೇಗ ಇಳಿಯಲಿಲ್ಲ. ಏಳು ವರ್ಷಕ್ಕೊಮ್ಮೆ ಬರಬೇಕಿದ್ದ ಸರದಿ ಕೆಲವು ಕಡೆ ಎರಡು ಮೂರು ವರ್ಷಕ್ಕೇ ಬಂತು. ಅದಕ್ಕೆ ಮುಂಚೆಯೇ ತೊಲೆದೊ ಚದುರಿದ್ದ ಹಳ್ಳಿಗಳನ್ನು ಎತ್ತಂಗಡಿ ಮಾಡಿಸಿ, ಚೌಕ, ಚರ್ಚು, ನೇರ ಬೀದಿ ಇರುವ ರೆದುಕ್ಸಿಯೊನ್ ಊರುಗಳಲ್ಲಿ ತುಂಬಿಸಿದ್ದ. ಎಣಿಸಲು ಸುಲಭ, ತೆರಿಗೆಗೆ ಸುಲಭ, ಗಣಿಗೆ ಕಳಿಸಲೂ ಸುಲಭ. ಹಿಂದೆ ಬಿಟ್ಟ ನೆಲ 'ಖಾಲಿ' ಅನಿಸಿಕೊಂಡಿತು. 1591ರಲ್ಲಿ ರಾಜನ ಆದೇಶ ಬಂತು, ದಾಖಲೆ ಸರಿ ಇಲ್ಲದ ಜಮೀನನ್ನು ದುಡ್ಡು ಕಟ್ಟಿ ಸಕ್ರಮ ಮಾಡಿಕೊಳ್ಳಬಹುದು ಅಂತ. ದುಡ್ಡು ಯಾರ ಹತ್ತಿರ ಇತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಣಿಗೆ ಹೋದವನ ಹೊಲ ಹೀಗೆ ಕಾನೂನಿನ ಬಾಗಿಲಿನಿಂದಲೇ ಕೈಬಿಟ್ಟಿತು.

ಆದರೂ ಇಲ್ಲೊಂದು ತಿರುವು ಇದೆ. ಐಮಾರಾ ಭಾಷೆಯ ಕೆಲವು ಸ್ಥಳೀಯ ಸಮುದಾಯಗಳು ಮಿತಾವನ್ನು ಒಂದು ಒಪ್ಪಂದದಂತೆ ನೋಡುತ್ತಿದ್ದವು. ನಾವು ಆಳು ಕಳಿಸುತ್ತೇವೆ, ಕಪ್ಪ ಕಟ್ಟುತ್ತೇವೆ, ರಾಜ ನಮ್ಮ ಸಾಮೂಹಿಕ ಭೂಮಿಗೆ ಕೈ ಹಾಕಬಾರದು. ಗುಲಾಮ ಅನ್ನುವ ಒಂದೇ ಪದದಲ್ಲಿ ಇದು ಹಿಡಿಯುವುದಿಲ್ಲ. ಅವರು ಕೋರ್ಟಿಗೆ ಹೋದರು, ಅರ್ಜಿ ಬರೆದರು, ಭೂಮಿ ಪತ್ರಗಳನ್ನು ಜೋಪಾನ ಮಾಡಿದರು. 1780ರಲ್ಲಿ ಬಂಡೆದ್ದ ಪೆರುವಿನ ಕುರಾಕಾ ಎರಡನೇ ತುಪಾಕ್ ಅಮಾರು ಕೂಡ ಅದಕ್ಕೆ ಮುಂಚೆ ತನ್ನ ಜನರನ್ನು ಪೊಟೊಸಿ ಮಿತಾದಿಂದ ಬಿಡಿಸಿ ಅಂತ ಅರ್ಜಿ ಹಿಡಿದು ಲಿಮಾದ ಬಾಗಿಲು ಬಡಿದವನೇ. ಮಿತಾ ರದ್ದಾದದ್ದು ಸ್ಪೇನ್‌ನ ಕಾಡಿಸ್‌ನಲ್ಲಿ ಸೇರಿದ ಸಂಸತ್ತಿನಲ್ಲಿ, 1812ರಲ್ಲಿ. ಬೊಲಿವಿಯಾ ಸ್ವತಂತ್ರವಾದದ್ದು 1825ರಲ್ಲಿ. ಆದರೆ ಸಾಮೂಹಿಕ ಭೂಮಿಯನ್ನು ಒಡೆದು ಮಾರಲು ದಾರಿ ಮಾಡಿದ ಕಾನೂನು ಬಂದದ್ದು 1874ರಲ್ಲಿ, ಸ್ಪ್ಯಾನಿಷರು ಹೋಗಿ ಎಷ್ಟೋ ಕಾಲವಾದ ಮೇಲೆ. ಎಸ್ಟೇಟಿನ ಬಿಟ್ಟಿ ಚಾಕರಿ 1945ರಲ್ಲಿ ಕಾಗದದ ಮೇಲೆ ರದ್ದಾಯಿತು, ನಿಜವಾಗಿ ಮುರಿದದ್ದು 1953ರ ಭೂಸುಧಾರಣೆಯಿಂದ.

ಇದನ್ನೆಲ್ಲ ಗೈಡ್ ಹೇಳಬೇಕಿತ್ತಾ ಅಂದರೆ, ಬೇಡ. ಕಾಲು ಭಾಗ ಸಾಕಿತ್ತು. ನಮ್ಮ ಗುಂಪಿನ ಒಬ್ಬರು ಎನ್‌ಕೊಮಿಯೆಂದಾ ಅಂದರೆ ಇದೇನಾ ಅಂತ ಕೇಳಿದರು, 'ಹೌದು ಹೌದು, ಎಲ್ಲ ಒಂದೇ' ಅಂದ. ಒಂದೇ ಅಲ್ಲ. ಎನ್‌ಕೊಮಿಯೆಂದಾದಲ್ಲಿ ಒಂದಿಷ್ಟು ಜನರಿಂದ ಕಪ್ಪ, ದುಡಿಮೆ ಪಡೆಯುವ ಹಕ್ಕು ಒಬ್ಬ ಸ್ಪ್ಯಾನಿಷನಿಗೆ, ಪ್ರತಿಯಾಗಿ ಅವನು ಅವರಿಗೆ ರಕ್ಷಣೆ ಕೊಡಬೇಕು, ಕ್ರೈಸ್ತ ಧರ್ಮ ಕಲಿಸಬೇಕು. ಕಾನೂನಿನಲ್ಲಿ ಭೂಮಿ ಅವನದಲ್ಲ. 1542ರ ಹೊಸ ಕಾನೂನುಗಳು ಅದನ್ನು ಹಿಡಿತಕ್ಕೆ ತರಲು ಹೊರಟಾಗ ಪೆರುವಿನಲ್ಲಿ ಎನ್‌ಕೊಮಿಯೆಂದಾ ಒಡೆಯರು ದಂಗೆ ಎದ್ದು ವೈಸ್‌ರಾಯನನ್ನೇ ಕೊಂದರು. ಮಿತಾದಲ್ಲಿ ಆಳು ಹಂಚುವವನು ಸರ್ಕಾರವೇ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಪೊಟೊಸಿ ಅರ್ಥವಾಗುವುದಿಲ್ಲ.

ಈಗ ಒಳ್ಳೆಯ ಸುದ್ದಿ. ಊರ ನಡುವೆ ಕಾಸಾ ನಾಸಿಯೊನಾಲ್ ದೆ ಮೊನೆದಾ ಇದೆ, ಹಳೆಯ ಟಂಕಸಾಲೆ, ಈಗ ಮ್ಯೂಸಿಯಂ. ಇದಕ್ಕೆ 5ಕ್ಕೆ 5. ಕಟ್ಟಡ 1773ರಲ್ಲಿ ಮುಗಿದದ್ದು, ಒಂದು ಇಡೀ ಬ್ಲಾಕ್ ತುಂಬಿಕೊಂಡಿದೆ, ಗೋಡೆಗಳು ಕೋಟೆಯಂಥವು. ಅಂಗಳದಲ್ಲಿ ನಗುವ ದೊಡ್ಡ ಮುಖವೊಂದು ನೇತಾಡುತ್ತದೆ, ಎಲ್ಲರೂ ಅದರ ಕೆಳಗೆ ಫೋಟೊಗೆ ನಿಲ್ಲುತ್ತಾರೆ. ಅದು 1856ರದ್ದು, ವಸಾಹತು ಕಾಲದ್ದಲ್ಲ, ಬೇಗ ಮುಂದೆ ಹೋಗಿ. ಮುಖ್ಯವಾಗಿ ನೋಡಬೇಕಾದದ್ದು ಬೆಳ್ಳಿಯ ಗಟ್ಟಿಯನ್ನು ತಗಡು ಮಾಡುವ ಮರದ ಯಂತ್ರಗಳು. ಸ್ಪೇನ್‌ನಲ್ಲಿ ಮಾಡಿ, ಹಡಗಿನಲ್ಲಿ ತಂದು, ಪ್ರಾಣಿಗಳ ಮೇಲೆ ಹೇರಿ ಇಷ್ಟು ಎತ್ತರಕ್ಕೆ ಏರಿಸಿದ್ದು. ಮೇಲಿನ ಅಂತಸ್ತಿನಲ್ಲಿ ಹಲ್ಲುಚಕ್ರ, ಕೆಳಗಿನ ಕತ್ತಲೆ ಅಂತಸ್ತಿನಲ್ಲಿ ಅದನ್ನು ತಿರುಗಿಸುವ ಹೇಸರಗತ್ತೆಗಳು. ನೆಲ ಎಲ್ಲಿ ಸವೆದಿದೆ ಅಂತ ಬಗ್ಗಿ ನೋಡಿ. ಟಂಕಸಾಲೆಯಲ್ಲಿ ಆಫ್ರಿಕಾದಿಂದ ತಂದ ಗುಲಾಮರೂ ದುಡಿದರು, ಇದು ಹೊರಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ.

ಅಲ್ಲಿನ ಒಂದು ಚಿತ್ರದ ಮುಂದೆ ನಾನು ತುಂಬಾ ಹೊತ್ತು ನಿಂತೆ. 'ಬೆಟ್ಟದ ಕನ್ಯೆ' ಅನ್ನಬಹುದು, 18ನೇ ಶತಮಾನದ್ದು, ಬರೆದವರ ಹೆಸರಿಲ್ಲ. ಮೇರಿ ಮಾತೆಯ ಮುಖ, ಎರಡು ಕೈ ಮಾತ್ರ ಕಾಣುತ್ತವೆ, ಉಳಿದ ಮೈ ಎಲ್ಲ ಸೆರ್ರೊ ರಿಕೊ. ಅಕ್ಕ ಪಕ್ಕ ಸೂರ್ಯ, ಚಂದ್ರ. ತಲೆ ಮೇಲೆ ಕಿರೀಟ ಇಡುತ್ತಿರುವ ದೇವರು, ಕೆಳಗೆ ಪೋಪ್, ರಾಜ ಮೊಣಕಾಲೂರಿದ್ದಾರೆ. ಹತ್ತಿರ ಹೋದರೆ ಆ ಸೆರಗಿನ ಮೇಲೆ ದಾರಿಗಳಿವೆ, ದಾರಿಯಲ್ಲಿ ಉಗುರಿನಷ್ಟು ಲಾಮಾಗಳು, ಮನುಷ್ಯರು ಹತ್ತುತ್ತಿದ್ದಾರೆ. ದೂರದಿಂದ ನೋಡಿದವರಿಗೆ ಅವರು ಕಾಣುವುದೇ ಇಲ್ಲ. ಆಂಡೀಸ್‌ನವರಿಗೆ ಬೆಟ್ಟ ಅಂದರೆ ಮೊದಲೇ ದೇವರು, ಈ ಚಿತ್ರಕ್ಕೆ ಯಾರು ಯಾವ ಭಕ್ತಿಯಿಂದ ಕೈ ಮುಗಿಯುತ್ತಿದ್ದರೋ ಅಂತ ಯೋಚಿಸಿದರೆ ತಲೆ ತಿರುಗುತ್ತದೆ. ಮ್ಯೂಸಿಯಂ ಗೈಡ್ ಜೊತೆಯೇ ಹೋಗಬೇಕು, ಸ್ವೆಟರ್ ಹಾಕಿಕೊಳ್ಳಿ, ಒಳಗೆ ಚಳಿ ಬೆಟ್ಟದ ಮೇಲಿಗಿಂತ ಜಾಸ್ತಿ.

ಅಲ್ಲಿಂದ ಸಾನ್ ಲೊರೆಂಜೊ ಚರ್ಚಿಗೆ ನಡೆದೇ ಹೋಗಬಹುದು. ಮಿತಾಗೆ ಬಂದವರಿಗೆ ಪ್ರಾಂತದ ಪ್ರಕಾರ ಬೇರೆ ಬೇರೆ ಚರ್ಚು, ಬೇರೆ ಬೇರೆ ಕೇರಿ, ಇದು ಅದರಲ್ಲಿ ಒಂದು. ಬಾಗಿಲ ಸುತ್ತಲ ಕಲ್ಲಿನ ಕೆತ್ತನೆಯಲ್ಲಿ ತಂತಿವಾದ್ಯ ನುಡಿಸುವ ಮತ್ಸ್ಯಕನ್ಯೆಯರು, ಮೇಲೆ ಸೂರ್ಯ ಚಂದ್ರ ನಕ್ಷತ್ರ. ಚರ್ಚಿನ ಬಾಗಿಲಿಗೆ ಮತ್ಸ್ಯಕನ್ಯೆ! ಕೆತ್ತಿದ ಕೈಗಳು ಸ್ಥಳೀಯರವು ಅನ್ನುತ್ತಾರೆ, ನೋಡಿದರೆ ನಂಬಿಕೆ ಬರುತ್ತದೆ. ಹಾಗೇ ಕೆಳಗಿಳಿದರೆ ರಿಬೇರಾ, ಊರನ್ನು ಸೀಳಿಕೊಂಡು ಹೋಗುವ ಹಳೆಯ ಕಾಲುವೆ ಸಾಲು. ಬೆಟ್ಟಗಳ ನಡುವೆ ಕಟ್ಟೆ ಕಟ್ಟಿ 'ಕರಿ ಕರಿ' ಅನ್ನುವ ಹೆಸರಿನ ಕೆರೆಗಳಲ್ಲಿ ನೀರು ಹಿಡಿದು, ಇಲ್ಲಿ ಹರಿಸಿ, ನೀರಿನ ಚಕ್ರದಿಂದ ಅದಿರು ಕುಟ್ಟುತ್ತಿದ್ದರು. ಆ ಕಟ್ಟೆಗಳನ್ನು ಕಟ್ಟಿದವರೂ ಇದೇ ಜನ. 1626ರಲ್ಲಿ ಒಂದು ಒಡೆದು ಊರಿನ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಇಂಜೆನಿಯೊಗಳ ಮುರಿದ ಗೋಡೆ, ಕಮಾನು ಇನ್ನೂ ನಿಂತಿವೆ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಬೋರ್ಡೂ ಅಷ್ಟಕ್ಕಷ್ಟೆ. ನಾಯಿಗಳಿವೆ, ಜೋಪಾನ.

ಈ ನಡಿಗೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಕಾಹ್ಚಾಗಳ, ಅಂದರೆ ವಾರದ ಕೊನೆಗೆ ತಮಗಾಗಿ ಅದಿರು ತೆಗೆಯುತ್ತಿದ್ದವರ, ಕಥೆ. ಶನಿವಾರ ಕೆಲಸ ನಿಂತ ಮೇಲೆ ಸೋಮವಾರದ ತನಕ ಬೆಟ್ಟ ಖಾಲಿ. ಆಗ ಇವರು ಒಳನುಗ್ಗಿ ತಮಗೆ ಬೇಕಾದ ಅದಿರು ತೆಗೆದು, ಊರ ಅಂಚಿನ ಸಣ್ಣ ಅರೆಕಲ್ಲುಗಳಲ್ಲಿ ಅರೆದು ಬೆಳ್ಳಿ ಮಾಡುತ್ತಿದ್ದರು. ಮಾಲೀಕರು ಕಳ್ಳರು ಅಂದರು. ಇವರು ಇದು ನಮ್ಮ ಹಕ್ಕು ಅಂದರು, ಬೇಕಾದರೆ ಕಲ್ಲು ಎಸೆದು ಹೊಡೆದಾಡಿದರು. 18ನೇ ಶತಮಾನದಲ್ಲಿ ಇವರ ಬೆಳ್ಳಿಯನ್ನು ಸರ್ಕಾರವೇ ಕೊಳ್ಳುತ್ತಿತ್ತು, ಯಾಕಂದರೆ ಅದರಿಂದ ಖಜಾನೆಗೂ ಲಾಭ. ಟೂರ್‌ನವರು ಈ ಕಥೆ ಹೇಳಿದರೆ ಯಾವ ದೆವ್ವದ ಮೂರ್ತಿಯೂ ಬೇಕಾಗುವುದಿಲ್ಲ.

ಗಣಿಗೆ ಹೋಗುವುದು ಸರಿಯಾ, ಬಡವರ ಕಷ್ಟವನ್ನು ಟಿಕೆಟ್ ಕೊಟ್ಟು ನೋಡಿದಂತಲ್ವಾ ಅಂತ ಕೆಲವರು ಕೇಳುತ್ತಾರೆ. ನನಗೂ ಒಳಗೆ ಮುಜುಗರವಾಯಿತು. ಆದರೆ ಗೈಡ್‌ಗಳಲ್ಲಿ ಹೆಚ್ಚಿನವರು ಹಿಂದೆ ಗಣಿಯಲ್ಲೇ ದುಡಿದವರು, ದೂಳಿನಿಂದ ಹೊರಗೆ ಬರಲು ಸಿಕ್ಕ ದಾರಿ ಇದು. 1985ರಲ್ಲಿ ತವರದ ಬೆಲೆ ಕುಸಿದಾಗ ಸರ್ಕಾರಿ ಗಣಿಗಳಿಂದ 20,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಇಂದು ಬೆಟ್ಟದೊಳಗೆ ದುಡಿಯುವವರು ಹೆಚ್ಚಾಗಿ ಸಹಕಾರಿ ಸಂಘಗಳವರು, ಸತು, ಸೀಸ, ಬೆಳ್ಳಿ ಕೆರೆಯುತ್ತಾ ಇದ್ದಾರೆ. ಸಂಘ ಅಂದರೂ ಒಳಗೆ ಸದಸ್ಯ ಬೇರೆ, ಅವನ ದಿನಗೂಲಿ ಆಳು ಬೇರೆ. ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ರೋಗ ಮಾತ್ರ ಇಬ್ಬರಿಗೂ ಒಂದೇ. ಬೆಟ್ಟದ ತುದಿ ಕುಸಿಯುತ್ತಿದೆ ಅಂತ ಯುನೆಸ್ಕೊ 2014ರಲ್ಲಿ ಊರನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೋಗುವವರು ಹೋಗಿ, ಆದರೆ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಕೇಳಿ, ಬಂಡಿ ತಳ್ಳುವವರ ದಾರಿಗೆ ಅಡ್ಡ ನಿಲ್ಲಬೇಡಿ.

ನನ್ನ ಸಲಹೆ ಏನಂದರೆ, ಮೊದಲು ಮ್ಯೂಸಿಯಂ, ಆಮೇಲೆ ಸಾನ್ ಲೊರೆಂಜೊ, ರಿಬೇರಾ, ಗಣಿ ಕೊನೆಗೆ. ಈ ಕ್ರಮದಲ್ಲಿ ಹೋದರೆ ಗೈಡ್ ಏನೂ ಹೇಳದಿದ್ದರೂ ನಷ್ಟವಿಲ್ಲ. ಭಾನುವಾರ ಗಣಿಯಲ್ಲಿ ಕೆಲಸ ಕಡಿಮೆ, ಅವರಿಗೆ ತೊಂದರೆ ಕೊಡಬಾರದು ಅನ್ನುವವರಿಗೆ ಆ ದಿನ ಪರವಾಗಿಲ್ಲ. ಬುಕ್ ಮಾಡುವಾಗ ಕೌಂಟರಿನಲ್ಲಿ ಗೈಡ್ ಯಾರು, ಇಲ್ಲಿನವರ ಕ್ವೆಚುವಾ ಭಾಷೆ ಬರುತ್ತದಾ, ಮಿತಾ ಬಗ್ಗೆ ಹೇಳುತ್ತಾರಾ ಅಂತ ಕೇಳಿ. ಕೇಳಿದ ಕೂಡಲೇ ಡೈನಮೈಟ್ ಸಿಡಿಸಿ ತೋರಿಸುತ್ತೇವೆ ಅಂದರೆ ಪಕ್ಕದ ಅಂಗಡಿಗೆ ಹೋಗಿ. ಬೂಟು ಮಾತ್ರ ಕೊಟ್ಟ ತಕ್ಷಣ ಅಲ್ಲೇ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡಿ. ನನಗೆ ಸಿಕ್ಕಿದ್ದು ಒಂದು ಸೈಜ್ ದೊಡ್ಡದು, ಆ ಕೆಸರಲ್ಲಿ ಪ್ರತಿ ಹೆಜ್ಜೆಗೂ ಬಿಟ್ಟು ಬರುತ್ತಿತ್ತು.